ಹಿರಿಯಪ್ಪನ ಮೈನೋಟ

ಈಗಿನ ಮುದಿ ಆಮೆಗಳೆಲ್ಲ ಇನ್ನೂ ಅಂಗೈಯಗಲ ಇದ್ದ ಕಾಲದಲ್ಲಿ ಆಮೆಗಲ್ಲು ಎಂಬ ರಾಜ್ಯವೊಂದಿತ್ತು. ಅಲ್ಲಿ ಮನೆಗೊಂದು ಆಮೆ. ಹೊಸ ಆಮೆಯನ್ನು ಯಾರೂ ತರುತ್ತಿರಲಿಲ್ಲ. ಆಮೆಯ ಆಯಸ್ಸು ಮನುಷ್ಯರ ಆಯಸ್ಸಿಗಿಂತ ದೊಡ್ಡದು. ಸಾಕಿದವರು ಹೋದಮೇಲೂ ಆಮೆ ಉಳಿಯುತ್ತಿತ್ತು. ಹಾಗಾಗಿ ಆ ರಾಜ್ಯದಲ್ಲಿ ಆಮೆ ಎಂದರೆ ಇನ್ನೊಬ್ಬರು ಸಾಕಿ ಬಿಟ್ಟುಹೋದ ಆಮೆಯೇ.

ಮನೆ ಬದಲಾಯಿಸುವ ಆಮೆಗೆ ಮೈನೋಟ ಎಂಬ ಪದ್ಧತಿಯಿತ್ತು. ಒಯ್ಯುವವರು ಅದನ್ನು ಹದಿನೈದು ದಿನ ತಮ್ಮ ಮನೆಯಲ್ಲಿಟ್ಟುಕೊಳ್ಳಬೇಕು. ಹದಿನಾರನೆಯ ದಿನ ಅರಮನೆಯ ಅಂಗಳಕ್ಕೆ ತಂದು ಮೂರು ಮಾತು ಹೇಳಬೇಕು. ಗಂಡೋ ಹೆಣ್ಣೋ. ಚಿಪ್ಪು ಹೇಗಿದೆ. ಅದಕ್ಕೆ ಏನು ಬೇಕು. ಅಂಗಳದಲ್ಲಿ ಒಂದು ಕಂಚಿನ ಗಂಟೆ ತೂಗುತ್ತಿತ್ತು. ಆಮೆಯ ವಿಷಯದಲ್ಲಿ ನಿಜ ಹೇಳಿದರೆ ಅದು ತಾನಾಗಿ ಮೊಳಗುತ್ತಿತ್ತು, ಇಲ್ಲದಿದ್ದರೆ ಸುಮ್ಮನಿರುತ್ತಿತ್ತು. ಮೂರು ಸಲ ಮೊಳಗಿದರೆ ಆಮೆ ಅವರದು.

ಅರಮನೆಯಲ್ಲೂ ಒಂದು ಆಮೆಯಿತ್ತು. ಹೆಸರು ಹಿರಿಯಪ್ಪ. ಬಂಡಿಯ ಚಕ್ರದಷ್ಟು ಅಗಲ, ಮೂರಾಳು ತೂಕ, ಏಳು ಅರಸರನ್ನು ಕಂಡದ್ದು. ಅರಸನ ಆಮೆಯನ್ನು ಮಗುಚಿದರೆ ಅರಸನನ್ನೇ ಮಗುಚಿದಂತೆ ಎಂದು ಕಟ್ಟಳೆ ಇದ್ದುದರಿಂದ ಅದರ ಹೊಟ್ಟೆಯನ್ನು ಯಾರೂ ನೋಡಿರಲಿಲ್ಲ.

ನಲವತ್ತು ವರ್ಷದ ಹಿಂದೆ ಧೂಮ್ರಕನೆಂಬ ಮಾಂತ್ರಿಕ ಆ ಊರಿಗೆ ಬಂದ. "ಅರಸರ ಆಮೆ ಬರೀ ಬಂಡೆಯ ಹಾಗಿದ್ದರೆ ನೋಡಿದವರು ಏನೆಂದುಕೊಳ್ಳುತ್ತಾರೆ" ಎಂದ. ಹಿರಿಯಪ್ಪನ ಚಿಪ್ಪಿಗೆ ಚಿನ್ನದ ಮೆರುಗು ಹಚ್ಚಿದ. ವರ್ಷಕ್ಕೊಂದು ಪದರ. ಅದು ಓಡಾಡುವ ಅಂಗಳಕ್ಕೂ ನುಣುಪಾದ ಕಲ್ಲು ಹಾಸಿಸಿದ. ಒಂದೊಂದು ಪದರದ ಅಡಿಯಲ್ಲೂ ಆಮೆಯ ಒಂದು ವರ್ಷ ಸಿಕ್ಕಿಬಿದ್ದು ಮಾಂತ್ರಿಕನ ಮೈಗೆ ಸೇರುತ್ತಿತ್ತು. ಬಂದಾಗ ಅವನು ಐವತ್ತರವನು, ಈಗಲೂ ಐವತ್ತರವನೇ. ಮೀಸೆಯಲ್ಲಿ ಒಂದೂ ಬಿಳಿ ಕೂದಲಿಲ್ಲ.

ನಲವತ್ತನೆಯ ಪದರ ಹಚ್ಚಿದ ವರ್ಷ ಹಿರಿಯಪ್ಪ ಅರಮನೆಯ ಹಾಲನ್ನ ಮುಟ್ಟುವುದನ್ನು ಬಿಟ್ಟಿತು. ತಲೆಯನ್ನೂ ಹೊರಗೆ ಹಾಕಲಿಲ್ಲ. ಅರಸ ಚಿಕ್ಕವನಿದ್ದಾಗ ಅದರ ಬೆನ್ನ ಮೇಲೆ ಕುಳಿತು ಅಂಗಳ ಸುತ್ತಿದವನು. ಅದು ಸೊರಗುವುದನ್ನು ನೋಡಲಾರದೆ ಧೂಮ್ರಕನನ್ನು ಕೇಳಿದ.

"ಅರಮನೆಯ ಋಣ ತೀರಿತು ಅದಕ್ಕೆ. ಯಾರಾದರೂ ಒಯ್ಯುವವರಿದ್ದರೆ ಒಯ್ಯಲಿ," ಎಂದ ಧೂಮ್ರಕ. "ಆದರೆ ಅರಸರ ಆಮೆ ಎಂದರೆ ಹುಡುಗಾಟವಲ್ಲ. ಮೈನೋಟದಲ್ಲಿ ತಪ್ಪಿದವರು ನನ್ನ ಮನೆಯ ಪಾತ್ರೆಯಾಗಲಿ. ನಾಲ್ವರು ತಪ್ಪಿದರೆ ಆಮೆ ನನ್ನದು."

ಇಡೀ ಚಿಪ್ಪು ಕೈಗೆ ಬಂದರೆ ಅವನಿಗೆ ಸಾವೇ ಇಲ್ಲ. ಅದು ಅರಸನಿಗೆ ಗೊತ್ತಿರಲಿಲ್ಲ. ಒಪ್ಪಿಕೊಂಡ.

ಮೊದಲು ಒಬ್ಬ ವರ್ತಕ ಬಂದ. ಹದಿನಾರನೆಯ ದಿನ "ಗಂಡು" ಎಂದ. ಗಂಟೆ ಸುಮ್ಮನಿತ್ತು. ಧೂಮ್ರಕ ಅಂಗೈ ಮೇಲೆ ಉಫ್ ಎಂದ, ವರ್ತಕ ಕೊಡವಾದ. ಆಮೇಲೆ ಒಬ್ಬ ಜಟ್ಟಿ ಬಂದ. "ಗಂಡೇ" ಎಂದ. ಹಂಡೆಯಾದ. ಮೂರನೆಯದಾಗಿ ಒಬ್ಬ ಪಂಡಿತ ಬಂದ. "ಹೆಸರೇ ಹಿರಿಯಪ್ಪ ಎಂದಮೇಲೆ ಇದು ನಿಸ್ಸಂದೇಹವಾಗಿ..." ಎನ್ನುತ್ತಿದ್ದಂತೆ ಕತ್ತು ಸಣ್ಣಗಿನ ಗಿಂಡಿಯಾದ. ಗಂಟೆಗೆ ಕಿಲುಬು ಹಿಡಿದಿರಬೇಕು ಎಂದು ಜನ ಮಾತಾಡಿಕೊಂಡರು. ಹೆಸರು ತಪ್ಪಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ನಾಲ್ಕನೆಯವನು ತೋಪಣ್ಣ. ವಯಸ್ಸು ಇಪ್ಪತ್ನಾಲ್ಕು. ಒಲೆಗೆ ಗಾಳಿ ಊದುವ ತಿದಿ, ಇಕ್ಕಳ, ತವರದ ಕಡ್ಡಿ ಹೊತ್ತು ಊರೂರು ತಿರುಗಿ, ಕಿಲುಬು ಏರದ ಹಾಗೆ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವನ ಕಸುಬು. ಅವನ ಅಜ್ಜಿಗೂ ಒಂದು ಆಮೆಯಿತ್ತು. ಅಜ್ಜಿ ತೀರಿಕೊಂಡಾಗ ತೋಪಣ್ಣ ದೂರದ ಊರಿನಲ್ಲಿ ಯಾರದೋ ಹಂಡೆ ತಿಕ್ಕುತ್ತಿದ್ದ. ಸುದ್ದಿ ತಿಳಿದು ಬರುವಷ್ಟರಲ್ಲಿ ಆಮೆ ಬೇರೆ ಮನೆ ಸೇರಿತ್ತು. ಬಾಗಿಲ ಬಳಿ ಅದು ನೀರು ಕುಡಿಯುತ್ತಿದ್ದ ಮಣ್ಣಿನ ತಟ್ಟೆಯನ್ನು ಮಾತ್ರ ಅವನು ತೆಗೆದಿಡಲಿಲ್ಲ.

"ನಿನಗೇಕಪ್ಪ ಬೇಕು ಇದು? ಮೂವರು ಪಾತ್ರೆಯಾದದ್ದು ಗೊತ್ತಿಲ್ಲವೆ?" ಎಂದು ಅರಸ ಕೇಳಿದ.

"ಗೊತ್ತು ಬುದ್ಧಿ. ಮನೆಯಲ್ಲಿ ಒಂದು ತಟ್ಟೆ ಖಾಲಿ ಇದೆ."

ಧೂಮ್ರಕ ಅವನ ತೆಳ್ಳನೆಯ ಮೈ ನೋಡಿದ. "ಕೊಡವಿದೆ, ಹಂಡೆಯಿದೆ, ಗಿಂಡಿಯಿದೆ. ಸೌಟೊಂದು ಕಡಿಮೆಯಿತ್ತು," ಎಂದ.

ಬಂಡಿಯಲ್ಲಿ ಹಿರಿಯಪ್ಪ ತೋಪಣ್ಣನ ಅಂಗಳಕ್ಕೆ ಬಂತು. ಇಳಿದಲ್ಲೇ ಕುಳಿತಿತು. ತೋಪಣ್ಣನಿಗೆ ಗೊತ್ತಿದ್ದುದು ಪಾತ್ರೆ. ಹೊಸ ಪಾತ್ರೆ ಬಂದರೆ ಮಾಡುವುದನ್ನೇ ಮಾಡಿದ. ಬೆರಳ ಗೆಣ್ಣಿನಿಂದ ಚಿಪ್ಪನ್ನು ತಟ್ಟಿ ಕಿವಿಗೊಟ್ಟ. ಠಣ್ ಎನ್ನಲಿಲ್ಲ, ಒದ್ದೆ ಹಲಗೆಯ ಸದ್ದು ಬಂತು. ಅಂಚಿನಲ್ಲಿ ಚಿನ್ನ ಮಬ್ಬಾಗಿತ್ತು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ತಂದು ಎಡಪಕ್ಕೆಯನ್ನು ತಿಕ್ಕತೊಡಗಿದ.

ಒಳಗಿನಿಂದ ಒಂದು ನಿಟ್ಟುಸಿರು ಕೇಳಿಸಿತು. ಉದ್ದನೆಯದು.

ಬೇಲಿಯಾಚೆ ಸೊಪ್ಪು ಬೆಳೆಯುವ ಸಂಕಮ್ಮ ತಲೆ ಎತ್ತಿದಳು. "ಏನೋ ತೋಪ, ಏನು ಮಾಡ್ತಿದ್ದೀಯ ಅಲ್ಲಿ?"

"ಮಬ್ಬಾಗಿದೆ ಅಕ್ಕ. ಬೆಳಗ್ತಿದ್ದೀನಿ."

"ಆಮೆ ಏನು ನಿಮ್ಮಜ್ಜಿ ಕೊಟ್ಟ ಚೊಂಬೇನೋ? ಅದು ಜೀವ ಕಣೋ. ನಿನ್ನ ಉಗುರಿಗೆ ಹುಣಸೆಹಣ್ಣು ಬೂದಿ ಹಾಕಿ ಇಟ್ಟಿಗೆ ಚೂರಲ್ಲಿ ಉಜ್ಜಲಾ?"

ತೋಪಣ್ಣ ನಾರನ್ನು ಕೆಳಗಿಟ್ಟ. ಮುಖ ಕೆಂಪಾಯಿತು. ಬೆಚ್ಚನೆಯ ನೀರು ತಂದು ಹುಳಿಯನ್ನೆಲ್ಲ ತೊಳೆದ. ತಿಕ್ಕಿದ ಜಾಗದಲ್ಲಿ ಅಂಗೈಯಗಲ ಚಿನ್ನ ಎದ್ದುಹೋಗಿತ್ತು. ಅಡಿಯಲ್ಲಿ ಬೂದುಬಣ್ಣದ ನಿಜವಾದ ಚಿಪ್ಪು, ಬಿಸಿಲನ್ನೇ ಕಾಣದ ಕಾಲಿನ ಹಾಗೆ ಬಿಳಿಚಿಕೊಂಡಿತ್ತು. ಸಂಕಮ್ಮ ಬೇಲಿ ದಾಟಿ ಬಂದು ಮೂಗು ಹತ್ತಿರ ಹಿಡಿದಳು.

"ಮೆಲ್ಲಗೆ ಒತ್ತಿ ನೋಡು, ಹೆಬ್ಬೆರಳಲ್ಲಿ."

ಒತ್ತಿದ. ಬೆಂದ ಗೆಣಸಿನ ಹಾಗೆ ಒಳಕ್ಕೆ ಇಳಿಯಿತು.

"ಮೆತ್ತಗಾಗಿದೆ," ಎಂದಳು ಸಂಕಮ್ಮ. "ಒಣಗದ ಬಟ್ಟೆಯ ವಾಸನೆ ಬೇರೆ. ಅಷ್ಟು ಬಣ್ಣ ಬಳಿದು ಹಾಲನ್ನ ತಿನ್ನಿಸಿದರೆ ಇನ್ನೇನಾಗುತ್ತೆ? ಬಿಸಿಲು ಬೇಕು ಇದಕ್ಕೆ. ದಿನಾ ಒಂದು ಗಳಿಗೆ ಬೆಚ್ಚನೆಯ ನೀರಲ್ಲಿ ನಿಲ್ಲಿಸು. ಸೊಪ್ಪು ನಾನು ಕೊಡ್ತೀನಿ. ಮಾತು ಮಾತ್ರ ನೀನೇ ಆಡಬೇಕು. ಕೋಪ ಮಾಡಿಕೊಂಡಿದೆ."

ಮಾತಾಡುವುದು ತೋಪಣ್ಣನಿಗೆ ಬಾರದು. ಆಮೆಗೆ ಬೆನ್ನು ಮಾಡಿ ಕುಳಿತು ತನ್ನ ಪಾಡಿಗೆ ತಿದಿ ಒತ್ತಿದ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಮೂರನೆಯ ದಿನ ತಿದಿ ಉಸ್ಸೆಂದಾಗ ಹಿಂದಿನಿಂದಲೂ ಯಾರೋ ಉಸ್ಸೆಂದರು. ತಿದಿಯ ಸದ್ದನ್ನು ಹಿರಿಯಪ್ಪ ಇನ್ನೊಂದು ಆಮೆಯ ನಿಟ್ಟುಸಿರು ಎಂದುಕೊಂಡಿತ್ತು. ನಲವತ್ತು ವರ್ಷದಲ್ಲಿ ಯಾರೂ ಅದರ ಜೊತೆ ನಿಟ್ಟುಸಿರು ಬಿಟ್ಟಿರಲಿಲ್ಲ. ತೋಪಣ್ಣ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಕಾಲ್ಬೆರಳ ಮೇಲೆ ಒಂದು ಒರಟಾದ ಗಲ್ಲ ಬಂದು ಕೂತಿತು. ಕಾಲು ಜೋಮು ಹಿಡಿದರೂ ಅವನು ಸಂಜೆಯವರೆಗೆ ಏಳಲಿಲ್ಲ.

ಮರುದಿನ ಮಾಂತ್ರಿಕನ ಹಿತ್ತಾಳೆ ಹದ್ದು ಬಂತು. ರೆಕ್ಕೆ ಹಿತ್ತಾಳೆ, ಉಗುರು ಹಿತ್ತಾಳೆ, ಕೊಕ್ಕು ಹಿತ್ತಾಳೆ. ಮಾತು ಮನುಷ್ಯರದು. ನೇರ ಹಿರಿಯಪ್ಪನ ಮೇಲೆ ಎರಗಿತು. ಕಲಾಯಿಗೆಂದು ಬಂದಿದ್ದ ಮದುವೆ ಮನೆಯ ಕೊಪ್ಪರಿಗೆಯನ್ನು ತೋಪಣ್ಣ ಆಮೆಯ ಮೇಲೆ ಬೋರಲು ಹಾಕಿದ. ಹದ್ದು ಅದಕ್ಕೆ ಢೀ ಎಂದು ಹೊಡೆದು ಅತ್ತ ಬಿತ್ತು.

"ಕೊಪ್ಪರಿಗೆಗೆ ತಗ್ಗು ಬಿತ್ತು," ಎಂದ ತೋಪಣ್ಣ. "ಮದುವೆಯವರಿಗೆ ಏನು ಹೇಳಲಿ?"

"ಹದ್ದು ಹೊಡೆಯಿತು ಅಂತ ಹೇಳು," ಎಂದು ಹದ್ದು ಹಾರಿಹೋಯಿತು.

ಒಂಬತ್ತನೆಯ ದಿನ ಮತ್ತೆ ಬಂತು. ಈ ಸಲ ಮಾಡಿನ ಮೇಲೆ ಕೂತು ಸಮಾಧಾನವಾಗಿ ಮಾತಾಡಿತು. "ಚಿನ್ನ ಎಬ್ಬಿಸಿದ್ದೀಯ. ಅರಸ ನೋಡಿದರೆ ಬಿಡುತ್ತಾನೆಯೆ? ಆ ಜಾಗಕ್ಕೆ ಒಂದು ಕೈ ತವರ ಒರೆಸು. ತೂತು ಮುಚ್ಚಿ ಹೊಳಪು ಕೊಡುವುದು ನಿನಗೆ ಬಾರದ ವಿದ್ಯೆಯೆ?"

ಬಾರದೆ ಏನು. ಎಷ್ಟೋ ಸೀಳು ಪಾತ್ರೆಗಳನ್ನು ಹಾಗೆ ಸಾಗಹಾಕಿದವರನ್ನು ಅವನು ಕಂಡಿದ್ದ. ಹಿರಿಯಪ್ಪ ಬಿಸಿಲಲ್ಲಿ ಕತ್ತು ಚಾಚಿ ದಾಸವಾಳದ ಹೂವನ್ನು ಜಗಿಯುತ್ತಿತ್ತು. ಬಿಳಿಚಿದ್ದ ಜಾಗ ಸ್ವಲ್ಪ ಕಂದುಬಣ್ಣಕ್ಕೆ ತಿರುಗಿತ್ತು.

"ತವರದಡಿಯಲ್ಲಿ ಬಿಸಿಲು ಇಳಿಯುವುದಿಲ್ಲ," ಎಂದ.

ಹಗಲು ಹೀಗೆ ಚೆನ್ನಾಗಿತ್ತು. ಸಂಜೆ ಮಾತ್ರ ತೋಪಣ್ಣನ ಮನಸ್ಸು ಕೆಡುತ್ತಿತ್ತು. ಹೊತ್ತು ಇಳಿಯುವಾಗ ಹಿರಿಯಪ್ಪ ಅಂಗಳದ ಮೂಡಣ ಮೂಲೆಗೆ ಹೋಗುತ್ತಿತ್ತು. ಅರಮನೆ ಇದ್ದುದು ಆ ದಿಕ್ಕಿಗೆ. ಅಲ್ಲಿ ಹಿಂಗಾಲಿನಿಂದ ಮೂರು ಸಲ ನೆಲ ಕೆರೆದು, ನಿಲ್ಲಿಸಿ, ವಾಪಸು ಬರುತ್ತಿತ್ತು. ಮೈನೋಟದ ಮೂರನೆಯ ಮಾತಿಗೆ ಉತ್ತರ ಇದೇ ಇರಬೇಕು ಎಂದು ಅವನಿಗೆ ಅನ್ನಿಸತೊಡಗಿತು. ಇದಕ್ಕೆ ಬೇಕಾದ್ದು ಅರಮನೆ. ನಾನಲ್ಲ.

ಹದಿನೈದನೆಯ ದಿನ ಹದ್ದು ಮೂರನೆಯ ಸಲ ಬಂತು. ಎರಗಲಿಲ್ಲ, ಮಾತೂ ಆಡಲಿಲ್ಲ. ಬೇಲಿ ಮೇಲೆ ಕೂತು ಉಗುಳಿತು. ಉಗುಳು ಹಸಿರಾಗಿತ್ತು.

"ಬಾಯಿ ತೆರೆ," ಎಂದ ತೋಪಣ್ಣ.

"ಯಾಕೆ?"

"ತೆರೆ. ಕಚ್ಚಬೇಡ."

ಕೊಕ್ಕಿನ ಒಳಗೆಲ್ಲ ಕಿಲುಬು ಹಿಡಿದಿತ್ತು. "ಎಷ್ಟು ದಿನವಾಯಿತು ಕಲಾಯಿ ಹಾಕಿಸಿ?"

"ಹಾಕಿಸಿಯೇ ಇಲ್ಲ," ಎಂದಿತು ಹದ್ದು. ದನಿ ಸಣ್ಣಗಾಯಿತು. "ನಲವತ್ತು ವರ್ಷದಿಂದ ಏನು ತಿಂದರೂ ಒಂದೇ ರುಚಿ. ಒಡೆಯನಿಗೆ ಹೇಳಿದರೆ, ಹದ್ದಿಗೇಕೆ ರುಚಿ ಅನ್ನುತ್ತಾನೆ."

ತೋಪಣ್ಣ ಒಲೆ ಹೊತ್ತಿಸಿದ. ಕೊಕ್ಕನ್ನು ಕೆಂಡದ ಮೇಲೆ ಹಿಡಿಸಿ ತಿದಿ ಒತ್ತಿದ. ನವಸಾಗರದ ಪುಡಿ ಎರಚಿದ. ಬಿಳಿ ಹೊಗೆ ಎದ್ದಿತು. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಂದೇ ಸುತ್ತಿಗೆ ಒರೆಸಿದ. ಕೊಕ್ಕಿನ ಒಳಗು ಬೆಳ್ಳಿಯ ಹಾಗೆ ಹೊಳೆಯಿತು. ಸಂಕಮ್ಮ ಒಂದು ಬಟ್ಟಲು ಬಿಸಿ ಹುಳಿ ತಂದು ಸುರಿದಳು. ಹದ್ದು ನುಂಗಿತು. ಕಣ್ಣು ಮುಚ್ಚಿತು.

"ನುಗ್ಗೆಕಾಯಿ ಹಾಕಿದ್ದೀಯ," ಎಂದಿತು ಕೊನೆಗೆ.

"ನಿನ್ನೆಯದು. ಇವತ್ತಿನದು ಇನ್ನೂ ಆಗಿಲ್ಲ," ಎಂದಳು ಸಂಕಮ್ಮ.

"ಈ ಋಣ ಹೇಗೆ ತೀರಿಸಲಿ?"

ತೋಪಣ್ಣ ಯೋಚಿಸಿದ. "ಪಾತ್ರೆಯ ತಳ ನೋಡದೆ ನಾನು ಯಾವತ್ತೂ ಕೆಲಸ ಒಪ್ಪಿಕೊಂಡವನಲ್ಲ. ಇದನ್ನು ಮಗುಚುವ ಹಾಗಿಲ್ಲ, ಎತ್ತಲು ನನ್ನಿಂದಾಗದು. ನೀನು ಎತ್ತಬಲ್ಲೆಯಾ? ಸಮವಾಗಿ, ಓಲದ ಹಾಗೆ?"

ಆಮೆಗಳಿಗೆ ಲೋಕದಲ್ಲಿ ಭಯವಿರುವುದು ಹದ್ದಿನದೇ. ಹಿರಿಯಪ್ಪ ಹದ್ದನ್ನು ನೋಡಿತು, ತೋಪಣ್ಣನನ್ನು ನೋಡಿತು. ತಲೆಯನ್ನು ಒಳಕ್ಕೆ ಎಳೆದುಕೊಳ್ಳಲಿಲ್ಲ. ಹದ್ದು ಚಿಪ್ಪಿನ ಅಂಚನ್ನು ಮೆಲ್ಲಗೆ ಹಿಡಿದು ಮೊಳದೆತ್ತರ ಎತ್ತಿ ರೆಕ್ಕೆ ಬಡಿಯುತ್ತ ನಿಂತಿತು. ತೋಪಣ್ಣ ಅದರ ಕೆಳಗೆ ಅಂಗಾತ ಮಲಗಿದ. ಏಳು ಅರಸರ ಕಾಲದಲ್ಲಿ ಯಾರೂ ನೋಡದ್ದನ್ನು ನೋಡಿದ.

"ಏನು ಕಾಣುತ್ತೋ?" ಎಂದಳು ಸಂಕಮ್ಮ.

"ಹೊಟ್ಟೆ ಕಾವಲಿಯ ಹಾಗೆ ಚಪ್ಪಟೆ ಇದೆ. ಬಾಲ ಗಿಡ್ಡ, ಹೆಬ್ಬೆರಳಷ್ಟು."

"ನಮ್ಮನೆ ಆಮೆ ಗುಂಡನ್ನ ನೋಡಿದ್ದೀಯಲ್ಲ. ಅವನ ಹೊಟ್ಟೆ ಹೇಗಿದೆ?"

"ಬೋಗುಣಿಯ ಹಾಗೆ ಒಳಕ್ಕೆ ತಗ್ಗು. ಬಾಲ ಉದ್ದ, ಪಕ್ಕಕ್ಕೆ ಮಡಚಿಕೊಂಡಿರುತ್ತೆ."

"ಗಂಡಿಗೆ ಹಾಗೇ. ಆ ತಗ್ಗು ಯಾಕಿರುತ್ತೆ ಅಂತ ನನ್ನ ಕೇಳಬೇಡ, ಮದುವೆಯಾದಮೇಲೆ ನೀನೇ ಯೋಚನೆ ಮಾಡು."

ತೋಪಣ್ಣ ಹಿಂಗಾಲಿನ ಮುಂದಿನ ಮೆದುವಾದ ಜಾಗದಲ್ಲಿ ಬೆರಳಿಟ್ಟ. ಒಳಗೆ ನಿಂಬೆಹಣ್ಣಿನ ಗಾತ್ರದ ಉರುಟು ಉರುಟು ಏನೋ ಸಿಕ್ಕಿತು. ಒಂದಲ್ಲ, ಹಲವು.

"ಅಕ್ಕ," ಎಂದ, "ಮೊಟ್ಟೆ."

ಸಂಕಮ್ಮನ ನಗು ನಿಂತಿತು. "ಅಯ್ಯೋ ತಾಯಿ. ಹೆಣ್ಣಾಮೆ ತಾನು ಮೊದಲು ಮೊಟ್ಟೆಯಿಟ್ಟ ಮಣ್ಣಲ್ಲೇ ಇಡೋದು. ನಲವತ್ತು ವರ್ಷದಿಂದ ಅದರ ಮೇಲೆ ಕಲ್ಲು ಹಾಸಿಬಿಟ್ಟಿದ್ದಾರಲ್ಲೋ. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದಾಳೆ."

ಸಂಜೆ ಅವಳು ಮೂಡಣಕ್ಕೆ ಹೋಗಿ ಕೆರೆಯುತ್ತಿದ್ದುದೇಕೆಂದು ತೋಪಣ್ಣನಿಗೆ ತಿಳಿಯಿತು. ನಾಳೆ ತಾನು ಏನು ಹೇಳಬೇಕೆಂದೂ ತಿಳಿಯಿತು. ಹೇಳಿದಮೇಲೆ ಅವಳು ತನ್ನ ಮಣ್ಣಿನಲ್ಲೇ ಉಳಿಯುತ್ತಾಳೆ, ಬಾಗಿಲ ಬಳಿಯ ತಟ್ಟೆ ಖಾಲಿಯಾಗಿಯೇ ಇರುತ್ತದೆ ಎಂದೂ ತಿಳಿಯಿತು. ಅವಳ ಕತ್ತಿನ ಸುಕ್ಕುಗಳ ಮೇಲೆ ಕೈಯಾಡಿಸಿದ. ಅವಳು ಕಣ್ಣು ಮುಚ್ಚಿದಳು.

ಹದಿನಾರನೆಯ ದಿನ ಅರಮನೆಯ ಅಂಗಳದ ತುಂಬ ಜನ. ಧೂಮ್ರಕ ಕೊಡ, ಹಂಡೆ, ಗಿಂಡಿಗಳನ್ನು ಸಾಲಾಗಿ ಇರಿಸಿ, ಪಕ್ಕದಲ್ಲಿ ಸೌಟು ತೂಗುಹಾಕಲು ಒಂದು ಮೊಳೆ ಹೊಡೆಸಿದ್ದ.

"ಗಂಡೋ ಹೆಣ್ಣೋ?" ಎಂದು ಅರಸ ಕೇಳಿದ.

"ಹೆಣ್ಣು ಬುದ್ಧಿ."

ಜನ ನಕ್ಕರು. ನಗು ಮುಗಿಯುವ ಮೊದಲೇ ಗಂಟೆ ಮೊಳಗಿತು. ಚಿಪ್ಪಿನ ಚಿನ್ನವೆಲ್ಲ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತು. ಧೂಮ್ರಕನ ಮೀಸೆ ಬೆಳ್ಳಗಾಯಿತು.

"ಚಿಪ್ಪು ಹೇಗಿದೆ?"

ಅರಸನ ಮುಂದೆ ಅರಸನ ಆಮೆಯ ಹುಳುಕು ಹೇಳಿದವರು ಆ ಊರಿನಲ್ಲಿ ಇರಲಿಲ್ಲ. "ಚೆನ್ನಾಗಿಲ್ಲ ಬುದ್ಧಿ," ಎಂದ ತೋಪಣ್ಣ. "ಚಿನ್ನದ ಅಡಿಯಲ್ಲಿ ಉಸಿರಿಲ್ಲ. ಎಡಪಕ್ಕೆ ಇನ್ನೂ ಮೆತ್ತಗಿದೆ. ಅಲ್ಲಿ ನಾನೂ ಹುಣಸೆಹಣ್ಣು ಹಾಕಿ ತಿಕ್ಕಿ ನೋವು ಮಾಡಿದ್ದೇನೆ. ಬಿಸಿಲು ಬಿದ್ದ ಕಡೆ ವಾಸಿಯಾಗುತ್ತಿದೆ."

ಗಂಟೆ ಎರಡನೆಯ ಸಲ ಮೊಳಗಿತು. ನಲವತ್ತು ಪದರ ಚಿನ್ನ ಹೊಟ್ಟಿನ ಹಾಗೆ ಉದುರಿತು. ಬೂದುಬಣ್ಣದ, ಏರುಪೇರಾದ, ಬಿಳಿ ಕಲೆಗಳಿದ್ದ ಬೆನ್ನೊಂದು ಬಿಸಿಲಿಗೆ ಬಂತು. ಧೂಮ್ರಕನ ಹಲ್ಲುಗಳು ಒಂದೊಂದಾಗಿ ಅವನ ಅಂಗೈಗೆ ಬಿದ್ದವು. "ಹದ್ದೇ," ಎಂದು ಕೂಗಿದ. ಹದ್ದು ಗೋಡೆಯ ಮೇಲೆ ಕೂತು ಇನ್ನೊಂದು ಕಡೆ ನೋಡುತ್ತಿತ್ತು.

"ಅದಕ್ಕೆ ಏನು ಬೇಕು?" ಅರಸ ಮುಂದಕ್ಕೆ ಬಾಗಿ ಕೇಳಿದ.

ತೋಪಣ್ಣ ಕಾಲಡಿಯ ಕಲ್ಲನ್ನು ತೋರಿಸಿದ. "ಮಣ್ಣು, ಬುದ್ಧಿ. ಈ ಕಲ್ಲಿನ ಕೆಳಗಿನದು. ಇವಳು ನಲವತ್ತು ವರ್ಷದ ಬಸುರಿ. ನಾನು ಒಯ್ಯಲಾರೆ. ಇವಳಿಗೆ ಬೇಕಾದ್ದು ಇಲ್ಲಿದೆ."

ಗಂಟೆ ಮೂರನೆಯ ಸಲ ಮೊಳಗಿತು. ಅರಸ ಸಿಂಹಾಸನದಿಂದ ಇಳಿದು ಬಂದ. ಆಳುಗಳನ್ನು ಕರೆಯಲಿಲ್ಲ. ತೋಪಣ್ಣ ಇಕ್ಕಳದಿಂದ ಸಂದು ಮಾಡಿದ, ಅರಸ ಕೈಯಾರೆ ಕಲ್ಲು ಎತ್ತಿದ. ಅಡಿಯಲ್ಲಿ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು.

ಅವಳು ಬಂದು ಮೂಸಿದಳು. ತಿರುಗಿ ನಿಂತು ಹಿಂಗಾಲಿನಿಂದ ಕೆರೆದಳು. ಈ ಸಲ ಮೂರಕ್ಕೆ ನಿಲ್ಲಿಸಲಿಲ್ಲ. ಒಂದೊಂದಾಗಿ ನಲವತ್ತು ಮೊಟ್ಟೆ ಇಟ್ಟಳು. ಒಂದೊಂದು ಮೊಟ್ಟೆ ಬಿದ್ದಾಗಲೂ ಧೂಮ್ರಕನಿಂದ ಒಂದೊಂದು ವರ್ಷ ವಾಪಸಾಯಿತು. ಕೊನೆಯ ಮೊಟ್ಟೆಗೆ ಅವನು ತೊಂಬತ್ತರ ಮುದುಕ. ಮಂತ್ರವೆಲ್ಲ ಮರೆತುಹೋಗಿ, ನಿಲ್ಲಲಾರದೆ ಅಲ್ಲೇ ಕುಳಿತುಬಿಟ್ಟ. ಕೊಡ ವರ್ತಕನಾಯಿತು. ಹಂಡೆ ಜಟ್ಟಿಯಾಯಿತು. ಗಿಂಡಿ ಎದ್ದು ನಿಂತು, "...ಗಂಡು" ಎಂದು ಮಾತು ಮುಗಿಸಿ, ಎಲ್ಲರೂ ಯಾಕೆ ನಗುತ್ತಿದ್ದಾರೆಂದು ಸುತ್ತ ನೋಡಿತು.

ತೋಪಣ್ಣ ಆ ನಗುವಿನ ನಡುವೆ ಖಾಲಿ ಬಂಡಿ ತಿರುಗಿಸಿಕೊಂಡು ಮನೆಗೆ ಹೋದ. ಒಲೆ ಹೊತ್ತಿಸಿದ. ಕೊಪ್ಪರಿಗೆಯ ತಗ್ಗು ಬಡಿದು ಸರಿಮಾಡಿದ. ಊರೂರು ತಿರುಗುವ ಚೀಲವನ್ನು ಮೊಳೆಯಿಂದ ಇಳಿಸಿದ. ಸಂಕಮ್ಮ ನೋಡಿದಳು. ಒಂದು ಬಟ್ಟಲು ಹುಳಿ ಇಟ್ಟುಹೋದಳು.

ಇತ್ತ ಅರಮನೆಯಲ್ಲಿ ಆಮೆ ಮೊಟ್ಟೆಗಳ ಮೇಲೆ ಮಣ್ಣು ಎಳೆದು, ಹೊಟ್ಟೆಯಿಂದ ತಟ್ಟಿ ಸಮಮಾಡಿ, ಅರಮನೆಯ ಬಾಗಿಲಿಗೆ ನಡೆದಳು. ಕಾವಲಿನವರು ಅರಸನ ಮುಖ ನೋಡಿದರು. ಅರಸ, "ದಾರಿ ಬಿಡಿ," ಎಂದ. ಅರಮನೆಯಿಂದ ತೋಪಣ್ಣನ ಬೀದಿಗೆ ಮನುಷ್ಯನ ನಡಿಗೆಯಲ್ಲಿ ಅರ್ಧ ಗಳಿಗೆ. ಅವಳಿಗೆ ಮೂರು ದಿನ ಹಿಡಿಯಿತು. ಅಂಗಡಿಯವರು ಕಟ್ಟೆಯಿಂದ ಇಳಿದು ಸೌತೆ ಹೋಳು ಕೊಟ್ಟರು. ಬಂಡಿಗಳು ಸುತ್ತುದಾರಿ ಹಿಡಿದವು. ಬಿಸಿಲೇರಿದಾಗ ಹದ್ದು ಮೇಲೆ ರೆಕ್ಕೆ ಹರಡಿ ನೆರಳು ಮಾಡಿತು. ಅರಸ ಅವಳ ಹಿಂದೆ ಬರಿಗಾಲಲ್ಲಿ ನಡೆದ.

ಅಲ್ಲಿ ಮೂರು ದಿನವೂ ತೋಪಣ್ಣ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡ. ಮೂರು ದಿನವೂ ಸಂಕಮ್ಮ, "ಈ ತಪ್ಪಲೆಗೆ ಒಂದು ಕೈ ಹಾಕಿ ಹೋಗೋ," ಎಂದು ತಡೆದಳು. ಬೀದಿಯಲ್ಲಿ ಯಾರು ಬರುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಹೇಳಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವನು ಕೊನೆಯ ತಪ್ಪಲೆಗೆ ತಿದಿ ಒತ್ತಿದ. ತಿದಿ ಉಸ್ಸೆಂದಿತು. ಬಾಗಿಲಲ್ಲಿ ಯಾರೋ ಉಸ್ಸೆಂದರು. ಅವನು ತಿರುಗಿ ನೋಡುವ ಮೊದಲೇ ಅವಳು ಮಣ್ಣಿನ ತಟ್ಟೆಯಲ್ಲಿ ಬಾಯಿಟ್ಟಿದ್ದಳು. ತಟ್ಟೆಯಲ್ಲಿ ನೀರಿತ್ತು. ಖಾಲಿ ಎಂದು ಅವನು ಎಷ್ಟು ಹೇಳಿಕೊಂಡರೂ ದಿನಾ ಬೆಳಿಗ್ಗೆ ನೀರು ಹಾಕುವುದನ್ನು ಬಿಟ್ಟಿರಲಿಲ್ಲ.

ಆಮೇಲೆ ಅವನು ಊರೂರು ತಿರುಗಲಿಲ್ಲ. ಪಾತ್ರೆಗಳೇ ಅವನ ಅಂಗಳಕ್ಕೆ ಬಂದವು. ಮಳೆಗಾಲ ಹಿಡಿಯುವ ಹೊತ್ತಿಗೆ ಅರಮನೆಯ ಮಣ್ಣಿನಿಂದ ನಲವತ್ತು ಮರಿಗಳು ಎದ್ದುಬಂದವು. ಹಲ್ಲಿಲ್ಲದ ಧೂಮ್ರಕ ಅಂಗಳದ ಮೂಲೆಯ ಗುಡಿಸಲಲ್ಲಿದ್ದುಕೊಂಡು ಅವಕ್ಕೆ ಕುಂಬಳದ ಹೂವನ್ನು ಚಿಕ್ಕದಾಗಿ ಹರಿದು ಹಾಕುತ್ತಿದ್ದ. ತನ್ನದನ್ನೂ ಹಾಗೆಯೇ ಹರಿದುಕೊಂಡು ತಿನ್ನುತ್ತಿದ್ದ. ಹದ್ದು ದಿನಕ್ಕೆರಡು ಸಲ ಸಂಕಮ್ಮನ ಅಡುಗೆಮನೆಯ ಕಿಟಕಿಗೆ ಬರುತ್ತಿತ್ತು. ಎಲ್ಲರೂ ಚೆನ್ನಾಗಿದ್ದರು.

ತೋಪಣ್ಣನಿಗೆ ಮದುವೆಯಾಯಿತು, ಮಕ್ಕಳಾದರು, ತಲೆ ನರೆಯಿತು. ಮುದುಕನಾದಮೇಲೆ ಒಂದು ದಿನ ಅವನು ತಾಮ್ರದ ತಗಡೊಂದನ್ನು ತೆಗೆದುಕೊಂಡು, ಮುಂದೆ ಅವಳನ್ನು ಸಾಕುವವರಿಗೆಂದು ಉಳಿಯಿಂದ ಹೀಗೆ ಕೊರೆದು ನೀರಿನ ತಟ್ಟೆಯ ಅಡಿಗಿಟ್ಟ:

'ಹೆಣ್ಣು. ಹಿರಿಯವ್ವ ಎಂದರೆ ತಲೆ ಎತ್ತುತ್ತಾಳೆ. ಚಿಪ್ಪು ವಾಸಿಯಾಗಿದೆ, ಎಡಪಕ್ಕೆ ಮುಟ್ಟುವಾಗ ಮೆಲ್ಲಗೆ. ವರ್ಷಕ್ಕೊಮ್ಮೆ ಅರಮನೆಯ ಕಡೆ ಹೊರಡುತ್ತಾಳೆ, ತಡೆಯಬೇಡಿ. ತಟ್ಟೆಗೆ ನೀರು ಹಾಕಿಡಿ. ಬರುತ್ತಾಳೆ.'